ಅಕ್ಕನಿಗೆ ಸೀರೆ ಬೇಡ, ಮುಚ್ಚಳ ಬೇಕು

ಗೌರಿ ಹಬ್ಬ ಹತ್ತಿರ ಬಂತು ಅಂದರೆ ನಮ್ಮ ಮನೆಯಲ್ಲಿ ಪ್ರತಿ ವರ್ಷ ಒಂದೇ ಮಾತು. ಅಕ್ಕನಿಗೆ ಏನು ಕೊಡೋದು? ತವರಿನಿಂದ ಏನಾದರೂ ಹೋಗಲೇಬೇಕು. ಅಪ್ಪ ಇದ್ದಾಗ ಅರಿಶಿನ ಕುಂಕುಮ, ಬಳೆ, ಒಂದು ಸೀರೆ, ಕವರಿನಲ್ಲಿ ಸ್ವಲ್ಪ ದುಡ್ಡು ಅಂತ ಒಂದು ಲೆಕ್ಕ ಇತ್ತು. ಅಪ್ಪ ಹೋದ ಮೇಲೆ ಅದು ನನ್ನ ಕೈಗೆ ಬಂತು, ನಾನೂ ನಾಲ್ಕು ವರ್ಷ ಹಾಗೇ ಮಾಡಿದೆ. ಒಂದು ಸಲ ಚಿಕ್ಕಮಗಳೂರಿನ ಅವಳ ಮನೆಯಲ್ಲಿ ಟವೆಲ್ ಹುಡುಕೋಕೆ ಅಂತ ಬೀರು ತೆಗೆದೆ. ನಾನು ಕೊಟ್ಟ ನಾಲ್ಕೂ ಸೀರೆ ಮಡಿಕೆ ಬಿಚ್ಚದೆ ಸಾಲಾಗಿ ಕೂತಿದ್ದವು. ಅಕ್ಕ ಹಿಂದೆ ಬಂದು ನಿಂತಳು. "ಬೇಜಾರು ಮಾಡ್ಕೋಬೇಡ ಕಣೋ, ಇವನ್ನ ಉಟ್ಕೊಂಡು ಹಿತ್ತಲಿಗೆ ಹೋಗೋಕಾಗುತ್ತಾ?" ಅಂದಳು.

ಅವಳು ಇರೋದೇ ಹಿತ್ತಲಲ್ಲಿ. ಬೆಳಿಗ್ಗೆ ಕಾಫಿ ಕುಡಿದು ಹೋದರೆ ಹತ್ತು ಗಂಟೆಯ ತನಕ ಒಳಗೆ ಬರೋದಿಲ್ಲ. ಎರಡು ಪೇರಲೆ ಮರ (ಬೆಂಗಳೂರಲ್ಲಿ ನಾವು ಸೀಬೆ ಅಂತೀವಲ್ಲ, ಅದೇ), ಒಂದು ನೆಲ್ಲಿ, ಬೇಲಿಗೆ ಹಿಪ್ಪುನೇರಳೆ, ಬಚ್ಚಲುಮನೆಯ ಮಾಡಿನ ಮೇಲೆ ಹಬ್ಬಿಸಿರೋ ಶರಬತ್ತು ಹಣ್ಣಿನ ಬಳ್ಳಿ, ಅಂಚಿಗೆ ಅನಾನಸ್, ಬಾವಿ ಹತ್ತಿರ ಪನ್ನೀರು ಗುಲಾಬಿ. ಇದರಲ್ಲಿ ಯಾವುದು ಹಣ್ಣಾದರೂ ಕೊನೆಗೆ ಸೇರೋದು ಬಾಟಲಿಗೆ. ಜಾಮ್, ಜೆಲ್ಲಿ, ಗುಲ್ಕಂದ್. ಅವಳ ಮನೆಗೆ ಹೋಗಿ ಬರಿಗೈಯಲ್ಲಿ ವಾಪಸ್ ಬಂದವರನ್ನ ನಾನು ನೋಡಿಲ್ಲ.

ಇಂಥವರು ನಿಮ್ಮ ಮನೆಯಲ್ಲೂ ಒಬ್ಬರು ಇರುತ್ತಾರೆ. ಅತ್ತೆಯೋ, ದೊಡ್ಡಮ್ಮನೋ, ರಿಟೈರ್ ಆದ ಮಾವನೋ. ಅವರಿಗೆ ಕೊಡೋದು ಬಹಳ ಸುಲಭ ಅಂತ ಮೊದಲು ಅನಿಸುತ್ತೆ. ಗಿಡ ಇಷ್ಟ ಅಲ್ವಾ, ಗಿಡದ್ದೇನಾದ್ರೂ ಕೊಟ್ಟರಾಯ್ತು ಅಂತ. ನಾನು ಹಾಗೇ ಅಂದುಕೊಂಡು ಸೀರೆ ಬಿಟ್ಟ ಮೊದಲ ವರ್ಷ ಆನ್‌ಲೈನಲ್ಲಿ ಒಂದು ಗಾರ್ಡನ್ ಸೆಟ್ ತರಿಸಿದೆ. ಚೆಂದದ ಡಬ್ಬಿ, ಹೂವಿನ ಚಿತ್ರ ಇರೋ ಹಿಡಿಗಳು, ಪುಟ್ಟ ಸಲಿಕೆ, ಪುಟ್ಟ ಮುಳ್ಳುಗೋಲು, ಜೊತೆಗೆ ಗುಲಾಬಿ ಬಣ್ಣದ ಗ್ಲೌಸು, ಒಂದು ಪೊಟ್ಟಣ ಲ್ಯಾವೆಂಡರ್ ಬೀಜ. ಅಕ್ಕ ತುಂಬಾ ಸಂತೋಷಪಟ್ಟಳು. ಮಳೆಗಾಲ ಮುಗಿದು ಕೆಂಪು ಮಣ್ಣು ಗಟ್ಟಿಯಾದ ಮೇಲೆ ಮೊದಲ ಸಲ ಊರಿದಾಗಲೇ ಆ ಸಲಿಕೆ ಕುತ್ತಿಗೆಯಲ್ಲಿ ಬಾಗಿತು. ಗ್ಲೌಸು ಒಂದು ಬೆರಳು ದೊಡ್ಡದು. ಲ್ಯಾವೆಂಡರ್ ಒಣ ಹವೆಯ, ನೀರು ನಿಲ್ಲದ ಜಾಗದ ಗಿಡ. ಜೂನಿನಿಂದ ಸೆಪ್ಟೆಂಬರ್ ತನಕ ಹೊಯ್ಯೋ ಮಲೆನಾಡಿನ ಮಳೆಯಲ್ಲಿ ಅದರ ಬೇರು ಕೊಳೆಯದೆ ಇನ್ನೇನು? ಮೊಳಕೆ ಬಂದ ಆರು ಸಸಿಗಳೂ ಒಂದೇ ಮಳೆಗಾಲಕ್ಕೆ ಹೋದವು. ಅದಕ್ಕೆ ಅವಳು ನಿಜವಾಗಿ ಸಂಕಟಪಟ್ಟಳು. ತಮ್ಮ ಕೊಟ್ಟಿದ್ದು ಅಂತ ದಿನಾ ಹೋಗಿ ನೋಡ್ತಿದ್ದಳಂತೆ. ನನಗೆ ಇವತ್ತಿಗೂ ಅದು ಮನಸ್ಸಿನಲ್ಲಿದೆ. ಕೊಟ್ಟ ಉಡುಗೊರೆ ಅವಳಿಗೆ ಒಂದು ಚಿಂತೆಯಾಯಿತು ನೋಡಿ.

ಆ ವರ್ಷ ದೀಪಾವಳಿಗೆ ಹೋದಾಗ ಎರಡು ದಿನ ಜಾಸ್ತಿ ಉಳಿದೆ. ಪೇರಲೆ ಜಾಮ್ ಮಾಡೋ ದಿನ. ಬೆಳಿಗ್ಗೆಯಿಂದ ಸಂಜೆ ತನಕ ಅಡುಗೆಮನೆ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಸುಮ್ನೆ ನೋಡಿದೆ, ಹೇಳಿದ ಕೆಲಸ ಮಾಡಿದೆ. ಆ ಒಂದು ದಿನದಲ್ಲಿ ಕಂಡಿದ್ದನ್ನೇ ಇವತ್ತಿಗೂ ಒಂದೊಂದಾಗಿ ಕೊಡ್ತಾ ಬಂದಿದ್ದೇನೆ.

ಹಣ್ಣು ಹೆಚ್ಚಿ, ಮುಳುಗುವಷ್ಟು ನೀರು ಹಾಕಿ ಬೇಯಿಸಿ, ಜರಡಿಯಲ್ಲಿ ಉಜ್ಜಿ ಬೀಜ ತೆಗೀತಾಳೆ. ತಿರುಳಿಗೆ ಸಕ್ಕರೆ, ನಿಂಬೆರಸ. ಅಷ್ಟೇ. ಪೇರಲೆಗೆ ಬೇರೆ ಏನೂ ಬೇಡ, ಯಾಕಂದ್ರೆ ಜಾಮನ್ನು ಗಟ್ಟಿ ಹಿಡಿಯೋ ಪೆಕ್ಟಿನ್ ಅದರಲ್ಲೇ ಬೇಕಾದಷ್ಟಿದೆ. ಅನಾನಸ್‌ನಲ್ಲಿ ಅದು ಕಡಿಮೆ, ಅದಕ್ಕೇ ಅವಳು ಅನಾನಸ್ ಜಾಮಿಗೆ ಪೇರಲೆ ಬೇಯಿಸಿದ ನೀರು ಸೇರಿಸ್ತಾಳೆ. ಇದನ್ನ ಯಾರೂ ಹೇಳಿಕೊಟ್ಟಿದ್ದಲ್ಲ, ಮಾಡಿ ಮಾಡಿ ಗೊತ್ತಾಗಿದ್ದು. (ಪೆಕ್ಟಿನ್ ಪುಡಿಯ ಡಬ್ಬ ಉಡುಗೊರೆಯಾಗಿ ಕೊಡಬೇಕು ಅಂದುಕೊಂಡಿದ್ದೆ. ಹಿತ್ತಲಲ್ಲಿ ಎರಡು ಪೇರಲೆ ಮರ ಇರೋರಿಗೆ ಅದು ಯಾಕೆ ಬೇಕು ಹೇಳಿ.)

ತಿರುಳು ಗಟ್ಟಿಯಾಗ್ತಾ ಬಂದ ಹಾಗೆ ಲಾವಾ ಥರ ಗುಳ್ಳೆ ಎದ್ದು ಸಿಡಿಯೋಕೆ ಶುರುವಾಯಿತು. ಅಕ್ಕ ಎಡಗೈಯವಳು. ಅವಳ ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈ ತನಕ ಸಣ್ಣ ಸಣ್ಣ ಕಂದು ಚುಕ್ಕೆಗಳು. ಅಷ್ಟು ವರ್ಷ ನೋಡಿದ್ದೆ, ಏನು ಅಂತ ಕೇಳಿರಲಿಲ್ಲ. ಅವೆಲ್ಲ ಜಾಮ್ ಸಿಡಿದ ಗುರುತು. ಅವಳು ಕಲಕ್ತಾ ಇದ್ದದ್ದು ಸಾರಿನ ಸೌಟಿನಲ್ಲಿ, ಒಂದು ಗೇಣುದ್ದದ ಹಿಡಿ. ಮುಂದಿನ ಗೌರಿ ಹಬ್ಬಕ್ಕೆ ನಮ್ಮ ಏರಿಯಾದ ಬಡಗಿ ಹತ್ತಿರ ಹಲಸಿನ ಮರದ ಒಂದು ಸಟ್ಟುಗ ಮಾಡಿಸಿದೆ. ಎರಡು ಅಡಿ ಉದ್ದ, ತುದಿ ಚಪ್ಪಟೆ, ಪಾತ್ರೆಯ ತಳ ಕೆರೆಯೋ ಹಾಗೆ ಒಂದು ಮೂಲೆ ಓರೆ. ಓರೆ ಎಡಗೈಗೆ ಬರೋ ಕಡೆಗೆ. ಬಡಗಿ ಎರಡು ಸಲ ಕೇಳಿದರು, ಈ ಕಡೆಗೇನಾ ಅಂತ. ಹೌದು, ಈ ಕಡೆಗೇ.

ಮೊದಲ ದಿನ ಅದನ್ನ ಹಿಡಿದು ಖಾಲಿ ಬಾಣಲೆಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿದಳು. ಏನೂ ಮಾತಾಡಲಿಲ್ಲ. ಇನ್ನೊಂದು ಸುತ್ತು ತಿರುಗಿಸಿದಳು. ನಂಗೆ ಅಷ್ಟೇ ಸಾಕಾಗಿತ್ತು.

ಥರ್ಮಾಮೀಟರ್ ವಿಷಯ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಜಾಮ್ ಮಾಡೋರಿಗೆ ಏನು ಕೊಡಲಿ ಅಂತ ಹುಡುಕಿದರೆ ಮೊದಲು ಸಿಗೋದೇ ಅದು. ಉದ್ದ ಕಡ್ಡಿ, ಪಾತ್ರೆಯ ಅಂಚಿಗೆ ಸಿಕ್ಕಿಸೋ ಕ್ಲಿಪ್ಪು. ಜೊತೆಗೆ ಬಂದ ಚೀಟಿಯಲ್ಲಿ ಜಾಮ್ ಅಂದರೆ 105 ಡಿಗ್ರಿ ಅಂತ ಇತ್ತು. ಅಕ್ಕ ಅದನ್ನ ನಂಬಿದಳು, ನಾನು ಕೊಟ್ಟಿದ್ದು ಅಂತ. ತಟ್ಟೆಯ ಮೇಲೆ ಹನಿ ಹಾಕಿ ಹದ ನೋಡೋ ತನ್ನ ಹಳೇ ಪರೀಕ್ಷೆ ಬಿಟ್ಟು ಮುಳ್ಳು 105ಕ್ಕೆ ಬರೋ ತನಕ ಕಾದಳು. ಮುಳ್ಳು 101ರ ಹತ್ತಿರ ಬಂದಾಗಲೇ ಜಾಮಿನ ವಾಸನೆ ಸರಿಯಾಗಿತ್ತಂತೆ. ಆದರೂ ಕಾದಳು. ಬಾಟಲಿಗೆ ತುಂಬಿ ಆರಿದ ಮೇಲೆ ಚಮಚ ಇಳಿಯಲಿಲ್ಲ. ನಾಲ್ಕು ಕಿಲೋ ಹಣ್ಣಿನ ಜಾಮ್, ಪೆಪ್ಪರ್‌ಮಿಂಟ್ ಥರ ಗಟ್ಟಿ.

ತಪ್ಪು ಥರ್ಮಾಮೀಟರಿನದ್ದಲ್ಲ, ಆ ಚೀಟಿಯದ್ದು. 105 ಅನ್ನೋದು ಸಮುದ್ರ ಮಟ್ಟದ ಲೆಕ್ಕ. ಅಲ್ಲಿ ನೀರು 100ಕ್ಕೆ ಕುದಿಯುತ್ತೆ, ಅದರ ಮೇಲೆ ನಾಲ್ಕೂವರೆ ಐದು ಡಿಗ್ರಿ ಏರಿದಾಗ ಜಾಮಿನಲ್ಲಿ ಸಕ್ಕರೆ ಅಂಶ ನೂರಕ್ಕೆ 65ರ ಆಸುಪಾಸಿಗೆ ಬಂದಿರುತ್ತೆ, ಗಟ್ಟಿಯಾಗೋಕೆ ಅದು ಸರಿಯಾದ ಹದ. ಆದರೆ ಮೇಲಕ್ಕೆ ಹೋದ ಹಾಗೆ ಗಾಳಿಯ ಒತ್ತಡ ಕಡಿಮೆ, ನೀರು ಬೇಗ ಕುದಿಯುತ್ತೆ. ಹೆಚ್ಚುಕಡಿಮೆ 300 ಮೀಟರಿಗೆ 1 ಡಿಗ್ರಿ ಇಳಿಯುತ್ತೆ ಅಂತ ಇಟ್ಟುಕೊಳ್ಳಿ. ಚಿಕ್ಕಮಗಳೂರು ಸಾವಿರ ಮೀಟರಿಗಿಂತ ಮೇಲಿದೆ. ಅಲ್ಲಿ ನೀರು ಕುದಿಯೋದೇ 96-97ಕ್ಕೆ. ಹಾಗಾಗಿ ಅಕ್ಕನ ಜಾಮ್ ಆಗಬೇಕಾದ್ದು 101ರ ಸುಮಾರಿಗೆ, ಬೆಂಗಳೂರಿನಲ್ಲೂ ಹೆಚ್ಚುಕಡಿಮೆ ಹಾಗೇ. ಮಂಗಳೂರಿನಲ್ಲಿರೋ ಗೆಳತಿಗೆ ಕೊಡೋದಾದರೆ ಮಾತ್ರ ಚೀಟಿಯಲ್ಲಿರೋದು ಸರಿ.

ಅದಕ್ಕೆ ಥರ್ಮಾಮೀಟರ್ ಕೊಡೋರು ದಯವಿಟ್ಟು ಒಂದು ಕೆಲಸ ಮಾಡಿ. ಕೊಡೋ ದಿನವೇ ಅವರ ಅಡುಗೆಮನೆಯಲ್ಲಿ ಬರೀ ನೀರು ಕುದಿಸಿ, ಕಡ್ಡಿ ಇಳಿಸಿ, ಅದು ಎಷ್ಟು ತೋರಿಸುತ್ತೋ ಅದಕ್ಕೆ ನಾಲ್ಕೂವರೆ ಸೇರಿಸಿ, ಆ ಸಂಖ್ಯೆಯನ್ನ ಅಡುಗೆಮನೆ ಗೋಡೆಯ ಮೇಲೆ ಬರೆದು ಅಂಟಿಸಿ. ಥರ್ಮಾಮೀಟರೇ ಒಂದು ಡಿಗ್ರಿ ಆಚೆ ಈಚೆ ಇದ್ದರೂ ಇದರಲ್ಲಿ ಸರಿಹೋಗುತ್ತೆ. ಅಕ್ಕನ ಗೋಡೆಯ ಮೇಲೆ ಈಗ 101 ಅಂತ ಇದೆ. ಆದರೂ ಅವಳು ತಟ್ಟೆ ಬಿಟ್ಟಿಲ್ಲ. ಫ್ರಿಜ್ಜಿನಲ್ಲಿಟ್ಟ ಸ್ಟೀಲ್ ತಟ್ಟೆಯ ಮೇಲೆ ಒಂದು ಹನಿ ಬಿಡ್ತಾಳೆ, ಒಂದು ನಿಮಿಷ ಬಿಟ್ಟು ಬೆರಳಲ್ಲಿ ಮೆಲ್ಲಗೆ ತಳ್ತಾಳೆ. ಹನಿಯ ಮೇಲೆ ಹಾಲಿನ ಕೆನೆ ಸುಕ್ಕಾದ ಹಾಗೆ ಸುಕ್ಕು ಮೂಡಬೇಕು. ಮೂಡಿದ ತಕ್ಷಣ ಒಲೆ ಆಫ್. ನನ್ನ ಮಟ್ಟಿಗೆ ಅದೇ ದೊಡ್ಡ ಪರೀಕ್ಷೆ, ಥರ್ಮಾಮೀಟರ್ ಅದಕ್ಕೆ ಜೊತೆ ಅಷ್ಟೇ.

ರಿಫ್ರ್ಯಾಕ್ಟೋಮೀಟರ್ ಅಂತ ಇನ್ನೊಂದಿದೆ, ಗಾಜಿನ ಮೇಲೆ ಒಂದು ಹನಿ ಹಾಕಿ ಕಣ್ಣಿಟ್ಟು ನೋಡಿದರೆ ಸಕ್ಕರೆ ಅಂಶ ತೋರಿಸುತ್ತೆ. ಮಾರೋಕೆ ಅಂತ ಮಾಡೋರಿಗೆ ಅದು ಒಳ್ಳೆಯದು, ಯಾಕಂದ್ರೆ ನಮ್ಮ ಆಹಾರ ನಿಯಮದಲ್ಲಿ ಜಾಮ್ ಅನ್ನಿಸಿಕೊಳ್ಳೋಕೆ ಆ ಅಂಶ ಕನಿಷ್ಠ 65 ಇರಬೇಕು. ತಗೊಳ್ಳುವಾಗ ಅಳತೆ ಎಲ್ಲಿ ತನಕ ಇದೆ ನೋಡಿ. ಅಗ್ಗಕ್ಕೆ ಸಿಗೋದು ಹೆಚ್ಚಾಗಿ 32ರ ತನಕ ಮಾತ್ರ ತೋರಿಸುತ್ತೆ, ಅದು ಹಣ್ಣಿನ ರಸಕ್ಕೆ ಸರಿ, ಜಾಮಿಗೆ ಆಗೋದಿಲ್ಲ. 90ರ ತನಕ ಇರೋದು ಬೇಕು.

ಇನ್ನು ಮುಚ್ಚಳ. ಇದನ್ನ ಯಾರೂ ಉಡುಗೊರೆ ಅಂತ ಅಂದುಕೊಳ್ಳಲ್ಲ. ಅಕ್ಕನ ಹತ್ತಿರ ಬಾಟಲಿಗೆ ಬರ ಇಲ್ಲ. ಬೀದಿಯ ಎಲ್ಲ ಮನೆಯವರೂ ಖಾಲಿ ಜಾಮ್ ಬಾಟಲಿ, ಜೇನಿನ ಬಾಟಲಿ, ಉಪ್ಪಿನಕಾಯಿ ಬಾಟಲಿ ತಂದು ಕೊಡ್ತಾರೆ. ಗಾಜು ಎಷ್ಟು ಸಲ ಕುದಿಸಿ ತೊಳೆದರೂ ಹೊಸದರ ಹಾಗೇ. ಕೆಡೋದು ಮುಚ್ಚಳ. ಅದರ ಒಳಗೆ ಅಂಚಿನ ಸುತ್ತ ರಬ್ಬರಿನ ಹಾಗೆ ಮೆತ್ತಗಿನ ಒಂದು ಪಟ್ಟಿ ಇರುತ್ತೆ ನೋಡಿ, ಬಿಸಿ ಜಾಮ್ ತುಂಬಿ ಮುಚ್ಚಿದಾಗ ಅದು ಬಾಟಲಿ ಬಾಯಿಗೆ ಕಚ್ಚಿಕೊಳ್ಳುತ್ತೆ, ಜಾಮ್ ಆರುವಾಗ ಮುಚ್ಚಳ ಒಳಕ್ಕೆ ಎಳೆದುಕೊಂಡು ಗಾಳಿ ಹೋಗದ ಹಾಗೆ ಕೂರುತ್ತೆ. ಆ ಪಟ್ಟಿ ಒಂದೆರಡು ಸಲಕ್ಕೆ ಸವೆದು ಹೋಗುತ್ತೆ, ಮುಚ್ಚಳದ ಒಳಗೆ ತುಕ್ಕು ಹಿಡಿಯುತ್ತೆ. ಉಪ್ಪಿನಕಾಯಿದಾದರಂತೂ ವಾಸನೆ ಹೋಗೋದೇ ಇಲ್ಲ. ಮಾವಿನಕಾಯಿ ಇಂಗಿನ ವಾಸನೆಯ ಹಿಪ್ಪುನೇರಳೆ ಜಾಮ್ ಯಾರಿಗೆ ಬೇಕು? ಅವಳು ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು ರಬ್ಬರ್ ಬ್ಯಾಂಡ್ ಹಾಕಿ ಸುಧಾರಿಸ್ತಿದ್ದಳು, ಮಳೆಗಾಲದಲ್ಲಿ ನಾಲ್ಕರಲ್ಲಿ ಒಂದು ಬಾಟಲಿ ಬೂಸ್ಟು ಹಿಡೀತಿತ್ತು.

ನಾನು ಸ್ಕೇಲ್ ಹಿಡಿದು ಅವಳ ಬಾಟಲಿಗಳ ಬಾಯಿ ಅಳೆದೆ. ಜಾಸ್ತಿ ಇದ್ದದ್ದು 63 ಮಿಲಿಮೀಟರ್‌ನವು, ಸ್ವಲ್ಪ 53ರವು. ಬೆಂಗಳೂರಿಗೆ ಬಂದು ಬಾಟಲಿ ಮಾರೋ ಅಂಗಡಿಯಲ್ಲಿ ಬರೀ ಮುಚ್ಚಳ ಐವತ್ತು ತಗೊಂಡೆ. ಒಂದು ರೇಷ್ಮೆ ಸೀರೆಯ ದುಡ್ಡಿನಲ್ಲಿ ಹತ್ತು ವರ್ಷಕ್ಕಾಗುವಷ್ಟು ಮುಚ್ಚಳ ಬರುತ್ತೆ. ಜೊತೆಗೆ ಅಗಲ ಬಾಯಿಯ ಒಂದು ಸ್ಟೀಲ್ ಲಾಳಿಕೆ. ಎಣ್ಣೆ ಹುಯ್ಯೋ ಲಾಳಿಕೆಯ ಕೊಳವೆ ಸಣ್ಣ, ಜಾಮ್ ಇಳಿಯಲ್ಲ, ಸೌಟಿನಲ್ಲಿ ಹಾಕಿದರೆ ಬಾಟಲಿಯ ಅಂಚಿಗೆ ಮೆತ್ತಿಕೊಂಡು ಮುಚ್ಚಳ ಸರಿಯಾಗಿ ಕೂರಲ್ಲ, ಇರುವೆ ಬೇರೆ. ಆ ಕವರು ಬಿಚ್ಚಿದಾಗ ಅಕ್ಕನ ಮುಖ ನೀವು ನೋಡಬೇಕಿತ್ತು. "ಮುಚ್ಚಳ ತಂದ್ಯಾ!" ಅಂತ ಭಾವನನ್ನ ಕೂಗಿ ಕರೆದು ತೋರಿಸಿದಳು. ಯಾವ ಸೀರೆಗೂ ಅವಳು ಭಾವನನ್ನ ಕರೆದಿರಲಿಲ್ಲ.

ಹಿತ್ತಲಿನ ಕಡೆಗೆ ಬಂದರೆ, ನಾನು ಕೊಟ್ಟದ್ದರಲ್ಲಿ ಅತಿ ಹೆಚ್ಚು ಉಪಯೋಗ ಆಗ್ತಿರೋದು ಒಂದು ಕುಡುಗೋಲು. ನಮ್ಮ ಕುಡುಗೋಲಿಗೆ ಒಂದೇ ಮಗ್ಗುಲಲ್ಲಿ ಮಸೆ ಇರುತ್ತೆ, ಬಲಗೈಗೆ ಸರಿಯಾಗೋ ಹಾಗೆ. ಎಡಗೈಯಲ್ಲಿ ಎಳೆದರೆ ಕೊಯ್ಯೋ ಬದಲು ಜಾರುತ್ತೆ. ಅಕ್ಕ ಚಿಕ್ಕಂದಿನಿಂದ ಹಾಗೇ ಜಾರಿಸಿಕೊಂಡು, ಬೆರಳು ಕೊಯ್ದುಕೊಂಡು ಕೆಲಸ ಮಾಡಿದವಳು. ಕುಲುಮೆಗೆ ಹೋಗಿ ಮಸೆ ಆಚೆ ಮಗ್ಗುಲಿಗೆ ಹಾಕಿಕೊಡಿ ಅಂದರೆ ಮಾಡಿಕೊಡ್ತಾರೆ. ಇಷ್ಟು ಸಣ್ಣ ಕೆಲಸ, ನಮಗೆ ಯಾರಿಗೂ ಐವತ್ತು ವರ್ಷ ಹೊಳೆದಿರಲಿಲ್ಲ. ಕೈಗೆ ಕೊಡೋಕೆ ಹೋದರೆ "ಹರಿತದ್ದು ಕೈಯಿಂದ ಕೈಗೆ ಕೊಡಬಾರದು, ಕೆಳಗಿಡು" ಅಂದಳು. ಕಟ್ಟೆಯ ಮೇಲಿಟ್ಟೆ, ಅವಳು ಎತ್ತಿಕೊಂಡಳು. ಸವರೋ ಕತ್ತರಿ ಕೊಡೋರು ಕೂಡ ಕೈಯ ಅಳತೆ ನೋಡಿ, ಸಣ್ಣ ಕೈಯವರಿಗೆ ದೊಡ್ಡ ಕತ್ತರಿ ಕೊಟ್ಟರೆ ಒಂದು ಗಂಟೆಯಲ್ಲಿ ಬೆರಳು ಮರಗಟ್ಟುತ್ತೆ. ಎರಡು ಅಲಗು ಒಂದರ ಪಕ್ಕ ಒಂದು ಹಾದುಹೋಗೋ ಥರದ್ದು ಹಸಿ ಕೊಂಬೆಗೆ ಒಳ್ಳೆಯದು, ಜಜ್ಜೋದಿಲ್ಲ.

ಮಲೆನಾಡಿನವರಿಗಾದರೆ ಇಂಬಳದ (ಜಿಗಣೆ ಅಂತೀವಲ್ಲ, ಅದೇ) ಕಾಲುಚೀಲ ಕೊಡಿ. ಮೊಣಕಾಲಿನ ತನಕ ಬರೋ ದಟ್ಟ ನೇಯ್ಗೆಯ ಬಟ್ಟೆ ಚೀಲ, ಇಂಬಳ ಒಳಗೆ ನುಗ್ಗೋಕಾಗಲ್ಲ. ಸುಣ್ಣ ಹೊಗೆಸೊಪ್ಪು ಹಚ್ಚಿಕೊಂಡು ಓಡಾಡೋದು ತಪ್ಪುತ್ತೆ. ಹೆಚ್ಚು ಹೇಳೋದೇನಿಲ್ಲ, ಎರಡು ಜೊತೆ ಕೊಡಿ, ಒಂದು ಒಣಗೋ ತನಕ ಇನ್ನೊಂದು.

ಗಿಡ ಕೊಡೋದು ಮಾತ್ರ ಕೇಳಿಕೊಂಡೇ ಕೊಡಿ. ಮರ ಕೊಟ್ಟರೆ ಜಾಗ ಕೊಡಿ ಅಂತ ಕೇಳಿದ ಹಾಗೆ. ತೋಟ ಇರೋರ ತಲೆಯಲ್ಲಿ ಎಲ್ಲಿ ಏನು ಬರಬೇಕು ಅನ್ನೋ ನಕ್ಷೆ ಆಗಲೇ ಇರುತ್ತೆ. ಅಕ್ಕನಿಗೆ ಒಳಗೆ ಕೆಂಪಗಿರೋ ಪೇರಲೆ ಬೇಕು ಅಂತ ಬಹಳ ದಿನದಿಂದ ಆಸೆ ಇತ್ತು, ಜಾಮಿನ ಬಣ್ಣಕ್ಕೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರ ಅರ್ಕ ಕಿರಣ್ ಅಂತ ಒಂದು ತಳಿ ಇದೆ, ತಿರುಳು ಕೆಂಪು. ಎಲ್ಲಿ ನೆಡಬೇಕು ಅಂತ ಅವಳು ಗುಂಡಿ ತೋರಿಸಿದ ಮೇಲೆ ಒಂದು ಗಿಡ ತಂದೆ, ಬಸ್ಸಿನಲ್ಲಿ ಚಿಕ್ಕಮಗಳೂರಿನ ತನಕ ತೊಡೆಯ ಮೇಲಿಟ್ಟುಕೊಂಡು. ಪಕ್ಕದ ಸೀಟಿನವರು ಹಾಸನದ ತನಕ ಅದರ ಕೊಂಬೆ ಹಿಡಿದುಕೊಂಡಿದ್ದರು, ಅವರನ್ನ ಇಲ್ಲಿ ನೆನೀಬೇಕು.

ಜಾಗ ಕೇಳದ ಉಡುಗೊರೆ ಬೇಕು ಅಂದರೆ ಬೀಜ. ಅದರಲ್ಲೂ ಕೆಂಪು ಪುಂಡಿ. ಉತ್ತರ ಕರ್ನಾಟಕದವರಿಗೆ ರೊಟ್ಟಿ ಜೊತೆ ಪುಂಡಿಪಲ್ಯ ಅಂದರೆ ಪ್ರಾಣ, ನಮ್ಮ ಆಫೀಸಿನ ವಿಜಯಪುರದ ಗೆಳೆಯ ಒಬ್ಬರು ಒಂದು ಹಿಡಿ ಬೀಜ ಕೊಟ್ಟಿದ್ದರು. ಸೊಪ್ಪಿನ ವಿಷಯ ಎಲ್ಲರಿಗೂ ಗೊತ್ತು. ಆದರೆ ಹೂ ಬಾಡಿದ ಮೇಲೆ ಕಾಯಿಯ ಸುತ್ತ ದಪ್ಪಗೆ ಕೆಂಪಗೆ ನಿಲ್ಲೋ ಆ ಹುಳಿ ಎಸಳುಗಳಿಂದ ಎಂಥ ಜಾಮ್ ಆಗುತ್ತೆ ಅಂತೀರಾ! ಮುಂಗಾರಿನಲ್ಲಿ ಹಾಕಿದರೆ ನವೆಂಬರ್ ಹೊತ್ತಿಗೆ ಕೊಯ್ಲು. ಎಸಳು ಬಿಡಿಸಿ, ಉಳಿದ ಎಳೇ ಕಾಯಿಯನ್ನ ಬೇರೆ ಬೇಯಿಸಿ ಸೋಸಿದರೆ ಪೆಕ್ಟಿನ್ ಅದರಲ್ಲೇ ಸಿಗುತ್ತೆ, ನಿಂಬೆಹಣ್ಣೂ ಬೇಡ. ಅಕ್ಕ ಮೊದಲ ಸಲ ಮಾಡಿದಾಗ ಬಾಟಲಿಯನ್ನ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆವು. ಕುಂಕುಮದ ನೀರಿನ ಹಾಗೆ, ಆದರೆ ಅಲುಗಾಡದೆ ನಿಂತಿತ್ತು.

ಇನ್ನೊಂದು ಹೇಳೋದು ಬಿಟ್ಟೆ. ಖಾಲಿ ಬಾಟಲಿ ವಾಪಸ್ ಕೊಡಿ. ಜಾಮ್ ತಿಂದು ಬಾಟಲಿಯಲ್ಲಿ ಸಾಸಿವೆ ತುಂಬಿಸಿಕೊಂಡು ಕೂರಬೇಡಿ. ತೊಳೆದು, ಲೇಬಲ್ಲು ಕೆರೆದು, ಬಿಸಿಲಿಗೆ ಒಣಗಿಸಿ ಕೊಡಿ. ನಮ್ಮಲ್ಲಿ ಬರಿ ಪಾತ್ರೆ ವಾಪಸ್ ಕೊಡೋ ಪದ್ಧತಿ ಇಲ್ಲ ಅಲ್ವಾ, ಹಾಗಾಗಿ ನಾನು ಒಂದೊಂದರಲ್ಲೂ ಏನಾದರೂ ಬೀಜ ಹಾಕಿ ಕೊಡ್ತೀನಿ.

ಮೊನ್ನೆ ಫೋನ್ ಮಾಡಿ ಈ ಸಲ ಹಬ್ಬಕ್ಕೆ ಏನು ತರಲಿ ಅಂದೆ. "ಏನೂ ಬೇಡ ಪುಟ್ಟಾ. ಶನಿವಾರವೇ ಬಾ. ಹಳೇ ಪೇರಲೆಯ ಮೇಲಿನ ಕೊಂಬೆ ನಂಗೆ ಎಟುಕಲ್ಲ, ನಿಮ್ಮ ಭಾವನಿಗೆ ಮಂಡಿನೋವು, ಹಕ್ಕಿ ತಿಂದು ಹಾಕ್ತಿವೆ" ಅಂದಳು. ಇಡೋಕೆ ಹೋದವಳು ಮತ್ತೆ, "53ರ ಮುಚ್ಚಳ ಖಾಲಿ ಆಗಿದೆ" ಅಂದಳು.

ಬ್ಯಾಗಿನಲ್ಲಿ ಹನ್ನೊಂದು ಬಾಟಲಿ ಇಟ್ಟಾಗಿದೆ. ಅವರೆ, ಬಸಳೆ, ಹೀರೆ, ಎರಡರಲ್ಲಿ ಪುಂಡಿ. ಮುಚ್ಚಳ ತರೋಕೆ ನಾಳೆ ಹೋಗಬೇಕು. ಉದ್ದದ ದೋಟಿ ಬಸ್ಸಿನಲ್ಲಿ ಹೇಗೆ ಒಯ್ಯೋದು ಅಂತ ಯೋಚನೆ ಮಾಡ್ತಿದ್ದೀನಿ, ಮೂರು ತುಂಡಾಗಿ ಮಡಚೋದು ಸಿಗುತ್ತೆ ಅಂತ ಯಾರೋ ಹೇಳಿದರು. ನಿಮಗೆ ಯಾರಿಗಾದರೂ ಗೊತ್ತಿದ್ದರೆ ಶುಕ್ರವಾರದೊಳಗೆ ಹೇಳಿ.